ಅಂಗಳದಿಂದ ತಿರುಗಿ ಹೋದವರು

ತೊಂಬತ್ತೇಳನೇ ಇಸವಿಯ ಆಟಿ ಅಮಾವಾಸ್ಯೆಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ನಾನು ವಾಮದಪದವಿನ ನಮ್ಮ ಮನೆಯ ಚಾವಡಿಯಲ್ಲಿ, ಬಾಗಿಲಿನ ಎಡಗಡೆಯ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಅಲ್ಲಿಂದ ಒಳಗೆ ಹಾಸಿದ ಎಲೆಗಳೂ ಕಾಣುತ್ತಿದ್ದವು, ಹೊರಗೆ ಅಂಗಳವೂ ಗೇಟೂ ಕಾಣುತ್ತಿದ್ದವು. ನನಗೆ ಆಗ ಹತ್ತು ವರ್ಷ. ನಾನು ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಎಂಬುದನ್ನು ಬೆರೆಸದೆ ಬರೆಯಲು ಪ್ರಯತ್ನಿಸುತ್ತೇನೆ.

ಆ ಕಾಲದಲ್ಲಿ ಆಟಿ ಎಂದರೆ ನಮಗೆ ಮಕ್ಕಳಿಗೆ ಚೆನ್ನೆಮಣೆಯ ತಿಂಗಳು. ಪತ್ರೊಡೆಯ, ಕಣಿಲೆ ಪಲ್ಯದ ತಿಂಗಳು. ದೊಡ್ಡವರಿಗೆ ಮಾತ್ರ ಅದು ಸತ್ತವರು ಮನೆಗೆ ಬರುವ ತಿಂಗಳು. ಅಮಾವಾಸ್ಯೆಯ ದಿನ ಚಾವಡಿಯಲ್ಲಿ ಬಾಳೆಲೆಗಳ ಸಾಲು ಹಾಕಿ ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಬಡಿಸುತ್ತಿದ್ದರು. ಕುಡಿಯುತ್ತಿದ್ದವರಿಗೆ ಕಳ್ಳು, ಸೇದುತ್ತಿದ್ದವರಿಗೆ ಬೀಡಿ. ಆಮೇಲೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಬರಬೇಕು. ಮಾತಾಡಬಾರದು. ಒಳಗಿನವರ ಊಟವಾಯಿತು ಎನ್ನಿಸಿದಾಗ ಅಜ್ಜಿಯ ಮಗ ಸದಾಶಿವ ಮಾವ ಕೆಮ್ಮಿ ಬಾಗಿಲು ತೆರೆಯುತ್ತಿದ್ದರು. ಆರಿದ ಕೋಳಿ ಸಾರಿಗೆ ದೀಪದೆಣ್ಣೆಯ ವಾಸನೆ ಹತ್ತಿರುತ್ತಿತ್ತು. ಆ ರುಚಿ ನನಗೆ ಬಹಳ ಇಷ್ಟ.

ಸಾಲಿನ ಕೊನೆಯ ಎಲೆ ದೂಮಣ್ಣಜ್ಜನದು. ಅವರು ಅಜ್ಜಿಯ ಸೋದರಮಾವ. ನಮ್ಮಲ್ಲಿ ಮನೆ ಮುಂದುವರಿಯುವುದು ಹೆಣ್ಣಿನ ಕಡೆಯಿಂದ. ಹಾಗಾಗಿ ಅಜ್ಜಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವರು ಅಪ್ಪನಲ್ಲ, ಈ ಮಾವ. ಅವರು ಒಣಮೀನಿನ ಗಾಡಿಗಳ ಜೊತೆ ಚಾರ್ಮಾಡಿ ಘಾಟಿ ಹತ್ತಿ ಹೋದವರು, ದಾರಿಯಲ್ಲಿ ಚಳಿಜ್ವರ ಬಂದು ತೀರಿಕೊಂಡರು. ನಾನು ಕೇಳಿದ್ದು ಇಷ್ಟೆ.

ಆ ವರ್ಷ ಜಾಗದ ಕಾಗದಪತ್ರಕ್ಕೆ ವಂಶವೃಕ್ಷ ಬೇಕಾಯಿತು. ಸದಾಶಿವ ಮಾವ ಪೆಟ್ಟಿಗೆಯ ಹಳೆಯ ಕಾಗದಗಳನ್ನೆಲ್ಲ ಚಾವಡಿಯಲ್ಲಿ ಹರಡಿ ಕೂತಿದ್ದರು. ನಾನೂ ಅಜ್ಜಿಯೂ ಪಕ್ಕದಲ್ಲಿ ಚೆನ್ನೆ ಆಡುತ್ತಿದ್ದೆವು.

"ಅಮ್ಮ, ದೂಮಣ್ಣಜ್ಜ ತೀರಿಕೊಂಡದ್ದು ಯಾವಾಗ?" ಎಂದು ಮಾವ ಕೇಳಿದರು.

ಅಜ್ಜಿ ಕಾಯಿ ಹಂಚುತ್ತಲೇ ಹೇಳಿದಳು: "ಯಾವ ಸಲ?"

ಮಾವ ನಕ್ಕರು. "ಎಷ್ಟು ಸಲ ಸಾಯ್ತಾರೆ ಅಮ್ಮ, ಒಬ್ಬ ಮನುಷ್ಯ?"

"ನೀನು ನಗು. ನಾನು ಕಂಡವಳು."

ಕೈಯಲ್ಲಿದ್ದ ಕಾಯಿಗಳನ್ನು ಅವಳು ಮಣೆಯ ಮೇಲೆ ಇಟ್ಟಳು. ಗಾಡಿಯವರು ಸುದ್ದಿ ತಂದ ಮೇಲೆ ಮನೆಯಲ್ಲಿ ಬೊಜ್ಜ ಮಾಡಿ ಉತ್ತರಕ್ರಿಯೆ ಮುಗಿಸಿದ್ದರಂತೆ. ಮುಂದಿನ ಆಟಿಯಲ್ಲಿ ದೂಮಣ್ಣಜ್ಜನಿಗೂ ಒಂದು ಎಲೆ ಹಾಕಿದರು. ಅವರ ಹೆಸರು ಕರೆಯುವಾಗ ಅಜ್ಜಿ ಬಾಗಿಲಲ್ಲಿದ್ದಳು. ಆರೇಳು ವರ್ಷದ ಹುಡುಗಿ. ಅಂಗಳದಲ್ಲಿ ದೂಮಣ್ಣಜ್ಜ ನಿಂತಿದ್ದರು. ಗಡ್ಡ ಬಂದಿತ್ತು, ಎಲುಬು ಕಾಣುತ್ತಿತ್ತು. "ಮಾವ ಬಂದಿದ್ದಾರೆ" ಎಂದು ಅವಳು ಕೂಗಿದಳು. ಒಳಗಿನವರು ಯಾರೂ ಆಶ್ಚರ್ಯಪಡಲಿಲ್ಲ. "ಬರದೆ ಇರ್ತಾರಾ ಮಗಾ? ಇವತ್ತು ಎಲ್ಲರೂ ಬರುವ ದಿನ ಅಲ್ವಾ?" ಎಂದರು. ಎಲ್ಲರೂ ಹೊರಗೆ ಬರುವಾಗ ಅಂಗಳ ಖಾಲಿ ಇತ್ತು.

"ನಾನು ಕಂಡದ್ದು ಬದುಕಿದವರನ್ನಾ, ಸತ್ತವರನ್ನಾ?" ಎಂದು ಅಜ್ಜಿ ಕೇಳಿದಳು. "ಅದು ಗೊತ್ತಾಗದೆ ಇನ್ನು ಆ ಎಲೆಗೆ ನಾನು ಅನ್ನ ಹಾಕುವುದಿಲ್ಲ. ಬದುಕಿದ್ದವರನ್ನು ನಾವು ಓಡಿಸಿದ್ದಾದರೆ, ಯಾವ ಬಾಯಲ್ಲಿ ಉಣ್ಣಲು ಕರೆಯುವುದು?"

ಕಾಗದಗಳಲ್ಲಿ ದೂಮಣ್ಣಜ್ಜನ ಹೆಸರಿನ ಮುಂದೆ 'ಮೃತ' ಎಂದಿತ್ತು, ಬೇರೇನೂ ಇರಲಿಲ್ಲ. ಅಜ್ಜಿಗೆ ಮಾತ್ರ ಇನ್ನೊಂದು ನೆನಪಿತ್ತು. ಅವಳ ಮದುವೆಯ ದಿನ ಒಬ್ಬ ಮುಸಲ್ಮಾನ ಬ್ಯಾರಿ ಹುಡುಗ ಬಂದು ಹಸಿರು ಸೀರೆಯೊಂದನ್ನು ಕೈಗಿತ್ತಿದ್ದ. ಯಾರು ಕೊಟ್ಟದ್ದು ಎಂದರೆ "ಬಂಟ್ವಾಳದಿಂದ" ಎಂದಷ್ಟೇ ಹೇಳಿ, ಊಟಕ್ಕೂ ನಿಲ್ಲದೆ ಓಡಿದ್ದ.

ಹಾಗೆ ನಾವು ಮೂವರು ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆವು. ಕೆಳಗಿನ ಪೇಟೆಯಲ್ಲಿ ಎರಡು ಅಂಗಡಿಗಳಲ್ಲಿ ದೂಮಣ್ಣಜ್ಜನ ಬಗ್ಗೆ ವಿಚಾರಿಸಿದೆವು, ಮೂರನೆಯ ಅಂಗಡಿಯವರು ಹೊಳೆಬದಿಯ ಮೋನಾಕನ ಮನೆ ತೋರಿಸಿದರು. ಮೋನಾಕ ಎಂಬತ್ತರ ಮುದುಕ. ಹಿಂದೆ ಅವರ ತಂದೆ ದೋಣಿಯಲ್ಲಿ ಮಂಗಳೂರಿಗೆ ಸಾಮಾನು ಸಾಗಿಸುವ ವ್ಯಾಪಾರಿಯಾಗಿದ್ದರು. ಮಗಳು ಜುಬೈದಕ್ಕ ನಮಗೆ ಚಹಾ, ಬಾಳೆಕಾಯಿ ಪೋಡಿ ತಂದಿಟ್ಟರು. ನಾನು ಪೋಡಿಗೆ ಕೈ ಹಾಕುವ ಮೊದಲೇ ಮುದುಕರು ಅಜ್ಜಿಯ ಮುಖ ನೋಡಿ, "ಸೀರೆ ಹಸಿರು ಅಲ್ವಾ ಗಿರಿಜಕ್ಕ? ಬಣ್ಣ ಆರಿಸಿದ್ದೂ ತಂದುಕೊಟ್ಟದ್ದೂ ನಾನು" ಎಂದರು.

ಅಜ್ಜಿ ಚಹಾದ ಲೋಟ ಕೆಳಗಿಟ್ಟಳು.

"ಕೊಟ್ಟದ್ದು ದೂಮಣ್ಣ. ನಮ್ಮ ಉಪ್ಪನ, ಅಂದರೆ ತಂದೆಯ, ಅಂಗಡಿಯಲ್ಲೇ ಇದ್ದರು, ಸಾಯುವವರೆಗೂ. ಜ್ವರ ಬಂದವರನ್ನು ಗಾಡಿಯವರು ಒಂದು ಗುಡಿಸಲಲ್ಲಿ ಬಿಟ್ಟು ಬಂದಿದ್ದರಂತೆ. ಸುಧಾರಿಸಿ ನಡೆದುಕೊಂಡು ಬಂದರೆ, ಮನೆಯಲ್ಲಿ ಅವರಿಗೇ ಎಲೆ ಹಾಕಿ ಕರೀತಿದ್ದಾರೆ! 'ನನ್ನ ಬೊಜ್ಜದ ಊಟ ನನಗೇ ತಪ್ಪಿತು ಮಾರಾಯ' ಅಂತ ಹೇಳಿ ನಗಾಡ್ತಿದ್ದರು."

"ಒಳಗೆ ಬರಬಹುದಿತ್ತಲ್ಲ?" ಸದಾಶಿವ ಮಾವ ಕೇಳಿದರು.

"ನಾನೂ ಕೇಳಿದ್ದೇನೆ. ಬರುವ ಅಂತಲೇ ಹೆಜ್ಜೆ ಇಟ್ಟರಂತೆ. ಬಾಗಿಲಲ್ಲಿದ್ದ ಮಗು ನೋಡಿ ಕೂಗಿತಂತೆ. ಒಳಗಿಂದ ಒಂದು ಹೆಂಗಸಿನ ಕೈ ಬಂದು ಮಗುವಿನ ಕಣ್ಣು ಮುಚ್ಚಿತಂತೆ, ಆಮೇಲೆ ಬಾಗಿಲು ಹಾಕಿತಂತೆ. 'ಮೋನೂ, ಆ ಕಣ್ಣು ಮುಚ್ಚಿದ ಮೇಲೆ ನಾನು ಹೇಗೆ ಬದುಕಿದವನಾಗುವುದು?' ಅಂತ ಹೇಳ್ತಿದ್ದರು. ಆ ಮಾತಿಗೆ ಮಾತ್ರ ನಗ್ತಿರಲಿಲ್ಲ."

ಕಣ್ಣು ಮುಚ್ಚಿದ ವಿಷಯವನ್ನು ಅಜ್ಜಿ ನಮಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅವಳ ಎರಡೂ ಕೈ ನಿಧಾನವಾಗಿ ಮೇಲೆ ಬಂದು ಅವಳ ಕಣ್ಣುಗಳ ಮೇಲೆ ಕೂತವು. ಬಹಳ ಹೊತ್ತು ಹಾಗೆಯೇ ಇದ್ದವು. ಜುಬೈದಕ್ಕ ಬಂದು ಅವಳ ಪಕ್ಕದಲ್ಲಿ ಕೂತರು.

"ವಾಮದಪದವಿನವರು ಪೇಟೆಗೆ ಬಂದರೆ ಅವರು ಅಂಗಡಿಯ ಹಿಂದೆ ಹೋಗಿ ನಿಲ್ತಿದ್ದರು" ಎಂದರು ಮೋನಾಕ. "ನನ್ನ ಹತ್ತಿರ ಕೇಳಿಸುವುದು: ಆ ಮನೆಯ ಸಣ್ಣ ಹುಡುಗಿ ಹೇಗುಂಟು ಅಂತ. ಸತ್ತಾಗ ಉಪ್ಪ ಪೇಟೆಯಲ್ಲಿದ್ದ ನಿಮ್ಮ ಜಾತಿಯವರನ್ನು ಕರೆಸಿ ಹೊಳೆಬದಿಯಲ್ಲಿ ಸುಡಿಸಿದರು. ಬೊಜ್ಜ ಮಾಡಲಿಲ್ಲ. ಅದು ಒಮ್ಮೆ ಆಗಿದೆ, ಪುನಃ ಬೇಡ ಅಂತ ಅವರೇ ಹೇಳಿಟ್ಟಿದ್ದರು."

ಹೊರಡುವಾಗ ಅಜ್ಜಿ, ಅಮಾವಾಸ್ಯೆಗೆ ಎಲೆ ಹಾಕುತ್ತೇನೆ ಎಂದಳು. ಮುದುಕರು ಸ್ವಲ್ಪ ಯೋಚಿಸಿ, "ನಿಮ್ಮ ಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಇಷ್ಟು ವರ್ಷ ನಮ್ಮಲ್ಲಿದ್ದವರು. ಗೇಟಿನವರೆಗೆ ಬಿಟ್ಟು ಹೋಗ್ತೇನೆ" ಎಂದರು.

ಅವರು ಬಂದರು. ರಿಕ್ಷಾದಿಂದ ಇಳಿದು, ಮಗಳ ತೋಳು ಹಿಡಿದು ಗೇಟಿನ ಹೊರಗೆ ನಿಂತರು. ಎಲೆಗಳಿಗೆ ಬಡಿಸಿ ಆಗಿತ್ತು. ಎಲ್ಲರನ್ನೂ ಕರೆದು ಮುಗಿಸಿ ಸದಾಶಿವ ಮಾವ ಬಾಗಿಲಿಗೆ ಕೈ ಹಾಕಿದರು.

"ಆವತ್ತು ಹಾಕಿದ್ದು ಸಾಕು" ಎಂದಳು ಅಜ್ಜಿ.

ಅವಳು ಹೊಸ್ತಿಲಿನ ನಡುವೆ ನಿಂತು ಅಂಗಳಕ್ಕೆ ಮುಖ ಮಾಡಿ ತುಳುವಿನಲ್ಲಿ ಕರೆದಳು: "ಮಾಮಾ, ಉಲಾಯಿ ಬಲೆ." ಒಳಗೆ ಬನ್ನಿ. ಧ್ವನಿ ಅವಳದೇ, ಆದರೆ ಅಷ್ಟು ಸಣ್ಣ ಧ್ವನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ.

ನಾನು ಕಂಡದ್ದನ್ನು ಮಾತ್ರ ಹೇಳುತ್ತೇನೆ. ಅಂಗಳದಲ್ಲಿ ಯಾರೂ ಇರಲಿಲ್ಲ. ಗಾಳಿ ಇರಲಿಲ್ಲ, ದೀಪ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಅಜ್ಜಿ ಸೆರಗನ್ನು ಒಟ್ಟು ಮಾಡಿಕೊಂಡು, ತಲೆ ತಗ್ಗಿಸಿ, ಹೊಸ್ತಿಲಿನ ಬದಿಗೆ ಸರಿದಳು. ಹಿರಿಯರು ಬಂದಾಗ ಮನೆಯ ಹುಡುಗಿಯರು ದಾರಿ ಬಿಡುವ ಹಾಗೆ. ಆಮೇಲೆ ಅವಳ ಕಣ್ಣು ನಿಧಾನವಾಗಿ ಹೊಸ್ತಿಲಿನಿಂದ ಚಾವಡಿಗೆ, ಚಾವಡಿಯಿಂದ ಕೊನೆಯ ಎಲೆಯವರೆಗೆ ಹೋಗಿ, ಅಲ್ಲಿ ನಿಂತಿತು. ಗೇಟಿನಲ್ಲಿ ಮೋನಾಕ ಒಮ್ಮೆ ಕೈ ಎತ್ತಿ, ಇಳಿಸಿ, ರಿಕ್ಷಾದ ಕಡೆ ತಿರುಗಿದರು.

ವಂಶವೃಕ್ಷದಲ್ಲಿ ಸದಾಶಿವ ಮಾವ ಮೊದಲ ಸಾವನ್ನೇ ಬರೆದರು. ಎರಡು ಬರೆಯಲು ಅಲ್ಲಿ ಜಾಗ ಇರಲಿಲ್ಲ.

ಈಗಲೂ ಆಟಿಯಲ್ಲಿ ನಾವು ಎಲೆ ಹಾಕುತ್ತೇವೆ. ಅಜ್ಜಿಗೂ ಒಂದು, ಸದಾಶಿವ ಮಾವನಿಗೂ ಒಂದು. ಕೋಳಿ ಸಾರು ಹೋಟೆಲಿನಿಂದ ಬರುತ್ತದೆ. ಹೆಸರುಗಳು ಬಾಯಿಗೆ ಬರುವುದಿಲ್ಲವೆಂದು ಮೊಬೈಲ್ ನೋಡಿ ಕರೆಯುತ್ತೇವೆ. ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಅಂಗಳದಲ್ಲಿ ಈಗ ಯಾರಾದರೂ ಬಂದು ನಿಂತರೆ, ಇವರು ನಮ್ಮವರು ಎಂದು ಗುರುತು ಹಿಡಿದು ಕೂಗುವ ಒಂದು ಮಗುವೂ ಮನೆಯಲ್ಲಿಲ್ಲ.

ಆ ಸಂಜೆಯನ್ನು ಕಂಡವರಲ್ಲಿ ಮೋನಾಕನೂ ಹೋಗಿಯಾಯಿತು. ನಾನಿದ್ದೇನೆ. ಇನ್ನೊಬ್ಬರು ಜುಬೈದಕ್ಕ. ಕಲ್ಲಡ್ಕದಲ್ಲಿ ಮಗಳ ಮನೆಯಲ್ಲಿದ್ದಾರೆ. ಭೇಟಿಯಾದಾಗ ನಾವು ಆ ಮಾತು ಎತ್ತುವುದಿಲ್ಲ. ಹೊರಡುವಾಗ ಮಾತ್ರ ಅವರು ಬಾಗಿಲವರೆಗೆ ಬರುತ್ತಾರೆ, ಇಬ್ಬರೂ ಹೊಸ್ತಿಲಿನ ನಡುವೆ ಜಾಗ ಬಿಟ್ಟು ಬದಿಗೆ ನಿಲ್ಲುತ್ತೇವೆ.