ಇನ್ನೂರು ಪುಟವಾದರೂ ಬಾಯಿ ಬಿಡದವರು

ಈ ಕಾದಂಬರಿಯ ಹುಡುಗ ಹುಡುಗಿಗೆ ಯಾರಾದರೂ ಬುದ್ಧಿ ಹೇಳ್ರಪ್ಪಾ. ಹೈಸ್ಕೂಲು ಮುಗಿಸಿದ ಬೇಸಿಗೆ ರಜೆಯಿಡೀ ಸಮುದ್ರದ ದಂಡೆಯಲ್ಲಿ ಅಡ್ಡಾಡುತ್ತಾರೆ. ಇಬ್ಬರಿಗೂ ಪ್ರೀತಿ. ಇನ್ನೂರು ಪುಟವಾದರೂ ಒಬ್ಬರೂ ಬಾಯಿ ಬಿಡುವುದಿಲ್ಲ.

ಭಾಗ್ಯನಗರದಲ್ಲಿ ನಾವು ವಿಗ್ ಮಾಡಲು ಹೋಗುವ ಕೂದಲಿನ ಗಂಟು ಬಿಡಿಸುವ ಶೆಡ್ಡಿನಲ್ಲಿ ಒಬ್ಬರು ಓದುವುದು, ಉಳಿದವರು ಗಂಟು ಬಿಡಿಸುತ್ತ ಕೇಳುವುದು ರೂಢಿ. ಇಂದು ಮಧ್ಯಾಹ್ನ ನನ್ನ ಸರದಿ. ಓದಿ ಓದಿ ತಲೆಕೆಟ್ಟು ಪುಸ್ತಕ ಕುಕ್ಕಿದೆ.

"ಬಾಯಾಗ ಕಡಬು ಇಟ್ಕೊಂಡಾರೇನು? ಒಂದ್ ಮಾತು ಹೇಳಾಕ ಏನಾಗೇತಿ ಇವಕ್ಕ?" ಎಂದೆ.

ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಶಾಂತಕ್ಕ ಮಾತ್ರ ಕೈಯಲ್ಲಿದ್ದ ಗಂಟಿನಿಂದ ಕಣ್ಣೆತ್ತಲಿಲ್ಲ.

"ನಾ ಹೇಳಿದ್ದೆ ನೋಡವಾ. ಎಸ್ಸೆಲ್ಸಿ ಪರೀಕ್ಷಾ ಮುಗಿದ ಬ್ಯಾಸಿಗಿ. ನಮ್ಮ ಕ್ಲಾಸಿನ ಹುಡುಗಗ ಚೀಟಿ ಬರದು ಕೊಟ್ಟೆ. ನಮ್ಮಣ್ಣನ ಕೈಗೆ ಸಿಕ್ತು. ಹದಿನೈದು ದಿನದಾಗ ಸ್ವಾದರಮಾವಗ ಕೊಟ್ಟು ಲಗ್ನ ಮಾಡಿದ್ರು. ರಿಸಲ್ಟ್ ಬಂದಾಗ ಗಂಡನ ಮನ್ಯಾಗ ರೊಟ್ಟಿ ಬಡೀತಿದ್ದೆ. ಪಾಸಾಗಿದ್ದೆ."

ಶಾಂತಕ್ಕ ಇನ್ನೊಂದು ಗಂಟು ಕೈಗೆತ್ತಿಕೊಂಡು, "ಓದವಾ ಮುಂದ," ಎಂದಳು.

ಇನ್ನೂ ನಲವತ್ತು ಪುಟ ಉಳಿದಿವೆ, ಗೆಳೆಯರೇ. ಇಬ್ಬರೂ ಬಾಯಿ ಮುಚ್ಚಿಕೊಂಡೇ ಇರಲಿ. ಆ ಹುಡುಗಿ ಕಾಲೇಜಿಗಾದರೂ ಹೋಗುತ್ತಾಳೆ.