ವೋಲ್ಡ್ ರಾಯರು

ಮಾತಾಡುವ ಮೊದಲು ಜಗನ್ನಾಥ ರಾಯರು ಒಮ್ಮೆ ಟೈ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಕುವೈತಿನ ಬಿಸಿಲಿನಲ್ಲಿ ಉಣ್ಣೆಯ ಟೈ! ಅಹ್ಮದಿಯ ನಮ್ಮ ಆಫೀಸಿನಲ್ಲಿ ಅವರು ಹೆಡ್ ಕ್ಲಾರ್ಕ್. ಮನೆಮಾತು ತುಳು, ಆದರೆ ಅದನ್ನಾಡಿದರೆ ನಾಲಿಗೆ ಮೈಲಿಗೆಯಾಗುತ್ತದೆ ಎಂಬ ಹಾಗಿರುತ್ತಿದ್ದರು. ಅಂಥ ಒಣಜಂಭದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ನಮ್ಮ ಇಂಗ್ಲಿಷ್ ಮ್ಯಾನೇಜರ್ ತನ್ನ ಬಂಗಲೆಗೆ 'ವೋಲ್ಡ್' ಎಂದು ಹೆಸರಿಟ್ಟಿದ್ದ. ರಾಯರು ಅದರ ಅರ್ಥ ಹುಡುಕಿಕೊಂಡು ಬಂದ ದಿನದಿಂದ ನಮಗೆ ಚಹಾ ಕುಡಿಯುವುದೂ ಶಿಕ್ಷೆಯಾಯಿತು.

"ಹಳೇ ಇಂಗ್ಲಿಷಿನಲ್ಲಿ ಅದು ಕಾಡು ಮಾರಾಯ. ಜರ್ಮನಿಯವರು ಈಗಲೂ ಕಾಡಿಗೆ ವಾಲ್ಡ್ ಅಂತಲೇ ಹೇಳುದು. ಇಂಗ್ಲೆಂಡಿನಲ್ಲಿ ಮರ ಎಲ್ಲ ಕಡಿದು ಕುರಿ ಮೇಯ್ಸಿದ್ರು. ಕಾಡು ಹೋಯ್ತು, ಹೆಸರು ಉಳೀತು. ಈಗ ಮರ ಇಲ್ಲದ ಎತ್ತರದ ಬಯಲಿಗೆ ವೋಲ್ಡ್ ಹೇಳ್ತಾರೆ."

"ನಮ್ಮೂರಿನ ಗುಡ್ಡದ ಮೇಲಿನ ಬಯಲು, ಪದವು ಅಂತೇವಲ್ಲ, ಅದರ ಹಾಗೆ," ಎಂದೆ.

ರಾಯರು ಟೈ ಮುಟ್ಟಿಕೊಂಡರು. "ಪದವಿನಲ್ಲಿ ದನ ಮೇಯ್ತದೆ. ಅದಕ್ಕೂ ಇದಕ್ಕೂ ಎಂತ ಸಂಬಂಧ?"

ತೊಂಬತ್ತರ ಬೇಸಿಗೆಯಲ್ಲಿ ಸಾಹೇಬ ರಜೆಗೆ ಹೋಗುವಾಗ ಬಂಗಲೆಯ ಕೀಲಿ ಇವರ ಕೈಗೆ ಕೊಟ್ಟು, ಹುಲ್ಲಿಗೆ ನೀರು ಹಾಕಲು ಹೇಳಿದ. ಅಲ್ಪನಿಗೆ ಅಷ್ಟೇ ಸಾಕಾಯಿತು. ಆಗಸ್ಟಿನಲ್ಲಿ ಇರಾಕಿ ಸೈನ್ಯ ಬಂದು ಅರ್ಧ ಊರು ಓಡಿದರೂ ರಾಯರು ಸಾಹೇಬನ ಜಗಲಿಯಲ್ಲಿ ಚಾಪೆ ಹಾಸಿ ಕಾವಲು ಕೂತರು.

ಮಂಗಫ್‌ನ ನಮ್ಮ ಬಿಲ್ಡಿಂಗಿಗೆ ನೀರಿನ ಟ್ಯಾಂಕರ್ ಬರುವುದು ನಿಂತಿತು. ನನ್ನ ಪುಟ್ಟ ಮಗಳಿಗೆ ವಾಂತಿಭೇದಿ. ಕ್ಯಾನ್ ಹಿಡಿದು ಬಂಗಲೆಗೆ ಓಡಿದೆ. ರಾಯರು ಪೈಪು ಹಿಡಿದು ಹುಲ್ಲು ತೋಯಿಸುತ್ತಿದ್ದರು.

"ಒಂದು ಕ್ಯಾನ್ ಕೊಡಿ ರಾಯರೇ, ಮಗುವಿಗೆ."

"ಸಾಹೇಬ್ರ ನೀರು ಮಾರಾಯ. ಕೇಳದೆ ಕೊಡ್ಲಿಕ್ಕೆ ಆಗ್ತದಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ! ಕಾಲು ಹಿಡಿದೆ. ಅವರು ಪೈಪನ್ನು ಇನ್ನೊಂದು ಪಾತಿಗೆ ತಿರುಗಿಸಿದರು. ಕೊನೆಗೆ ನೆರೆಮನೆಯ ಬ್ಯಾರಿ ಇಬ್ರಾಹಿಮ್ ತನ್ನ ಅಂಗಡಿಯಲ್ಲಿ ಉಳಿದಿದ್ದ ನೀರಿನ ಬಾಟಲಿಗಳನ್ನು ತಂದುಕೊಟ್ಟ, ಮಗಳು ಉಳಿದಳು.

ಊರಿಗೆ ಮರಳುವವರನ್ನು ಜೋರ್ಡಾನಿಗೆ ಒಯ್ಯುವ ಬಸ್ಸು ಹೊರಡುವ ದಿನ ರಾಯರನ್ನೂ ಕರೆಯೋಣವೆಂದು ನನ್ನನ್ನು ಎಳೆದುಕೊಂಡು ಹೋದವನೂ ಇಬ್ರಾಹಿಮನೇ.

"ಸಾಹೇಬ್ರು ಬಂದು ಕೀಲಿ ಕೇಳಿದ್ರೆ?" ಎಂದರು ರಾಯರು.

"ಸಾಹೇಬ ಇನ್ನು ಬರುವುದಿಲ್ಲ, ಖಲಾಸ್ ರಾಯರೇ! ಜೀವ ಉಳಿಸಿಕೊಳ್ಳಿ, ಯಲ್ಲಾ, ಹೊರಡಿ!"

"ಬಿಡು, ಆ ಹುಲ್ಲನ್ನೇ ತಿಂದುಕೊಂಡಿರಲಿ," ಎಂದೆ ನಾನು. ಆಮೇಲೆ ರಾಯರನ್ನು ಕಂಡವರಿಲ್ಲ. ಊರಿಗೂ ತಲುಪಲಿಲ್ಲ.

ಮರುವರ್ಷ ಯುದ್ಧ ಮುಗಿದು ನಾನು ಕೆಲಸಕ್ಕೆ ಮರಳಿದಾಗ ಉರಿಯುತ್ತಿದ್ದ ಎಣ್ಣೆಬಾವಿಗಳ ಹೊಗೆಗೆ ಅಹ್ಮದಿಯ ಎಲೆ ಎಲೆಯೂ ಕಪ್ಪಾಗಿತ್ತು. ಸಾಹೇಬನೂ ಬಂದಿದ್ದ. ರಾಯರ ಸುದ್ದಿ ಏನಾದರೂ ಗೊತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ.

"ಓ, ಆ ಗಾರ್ಡನರ್? ಹುಲ್ಲೆಲ್ಲ ಹಾಳುಮಾಡಿಬಿಟ್ಟಿದ್ದಾನೆ."

"ಗಾರ್ಡನರ್ ಅಲ್ಲ ಸಾರ್," ಎಂದೆ, "ಜಗನ್ನಾಥ ರಾವ್. ನಿಮ್ಮ ಹೆಡ್ ಕ್ಲಾರ್ಕ್."

ಸಾಹೇಬ ಆಗಲೇ ಫೋನ್ ಎತ್ತಿಕೊಂಡಿದ್ದ.