ಬುಗುರಿಯ ಅಡಿಯ ಕಪ್ಪು ಬೊಟ್ಟು

ಶಕುನ, ಅಂಜನ, ಪವಾಡ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು ಹಾಗಿರಬೇಕಾದ್ದೇ. ಅವನ್ನೆಲ್ಲ ಈಗಲೂ ನಂಬುವುದಿಲ್ಲ. ಆದರೆ ಈ ಒಂದು ಸಂಗತಿಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ.

ನನಗೆ ಯುರೋಪಿನ ವೈಜ್ಞಾನಿಕ ಕಾದಂಬರಿಗಳ ಹುಚ್ಚು. ಇಪ್ಪತ್ತೈದು ವರ್ಷಗಳ ಹಿಂದೆ ಬೆಂಗಳೂರಿನ ಫುಟ್‌ಪಾತಿನಲ್ಲಿ ಹಂಗೇರಿಯ ಲೇಖಕರೊಬ್ಬರ ಕಾದಂಬರಿ ಇಂಗ್ಲಿಷಿನಲ್ಲಿ ಸಿಕ್ಕಿತು. ದೂರದ ಗ್ರಹಕ್ಕೆ ಹೋದವರಿಗೆ ಅಲ್ಲಿ ಮನೆಯಷ್ಟು ದೊಡ್ಡದೊಂದು ವಸ್ತು ತನ್ನಷ್ಟಕ್ಕೆ ತಾನು ತಿರುಗುತ್ತಿರುವುದು ಕಾಣುತ್ತದೆ. ಏನು ಮಾಡಿದರೂ ಅದು ಮಾತಾಡುವುದಿಲ್ಲ. ನಾನು ಓದುತ್ತ ಓದುತ್ತಲೇ ಅನುವಾದಿಸಿ ವಾರಪತ್ರಿಕೆಯೊಂದಕ್ಕೆ ಕಂತು ಕಂತಾಗಿ ಕಳಿಸುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ. ಒಂದೇ ಕಂತು ಬಾಕಿಯಿದ್ದಾಗ, ಕೊನೆಯ ಎಂಟು ಪುಟ ಹರಿದುಹೋಗಿರುವುದು ಕಂಡಿತು. ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ.

ನಮ್ಮಪ್ಪ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು. ಓದು ಬರಹ ಬಾರದು. ಭಾನುವಾರ ಅವರ ಮರ ಕಡೆಯುವ ಲೇತಿನ ಪಕ್ಕ ಕೂತು ನನ್ನ ಅನುವಾದ ಓದಿ ಹೇಳುತ್ತಿದ್ದೆ. ಅವರಿಗೆ ಅರ್ಥವಾಗದ ವಾಕ್ಯವನ್ನು ಹೊಡೆದು ಹಾಕುತ್ತಿದ್ದೆ. ಆ ಭಾನುವಾರ ನನ್ನ ಪೇಚಾಟ ಹೇಳಿಕೊಂಡೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದ್ದ ಅಪ್ಪ ತಲೆ ಎತ್ತದೆಯೇ ಹೇಳಿದರು.

"ಅದು ಬುಗುರಿ ಕಣ್ಲಾ. ಅಲ್ಲೂ ಯಾವನೋ ಅಪ್ಪ ಮಗೀಗೆ ಮಾಡ್ಕೊಟ್ಟವ್ನೆ. ತಿರುಗ್ತಾ ಇರೋವಾಗ ಮಾತಾಡಿಸಿದ್ರೆ ಏನ್ ಹೇಳ್ತದೆ? ಒಸಿ ಸುಮ್ಕೆ ಕೂತ್ಕೊಳಾಕೆ ಹೇಳು ಅವರ್ಗೆ. ತಾನೇ ನಿಂತು ಮಗ್ಗುಲಾಯ್ತದೆ. ಆಮ್ಯಾಕೆ ಅಡೀಲಿ ನೋಡ್ಲಿ, ಬೊಟ್ಟು ಐತೆ."

ಬೊಟ್ಟು ಅಂದರೆ ದೃಷ್ಟಿಬೊಟ್ಟು. ಅಪ್ಪ ಮಾಡಿದ ಪ್ರತಿಯೊಂದು ಗೊಂಬೆಯ ಅಡಿಯಲ್ಲೂ ಕಪ್ಪು ಅರಗಿನ ಚುಕ್ಕೆಯೊಂದು ಇರುತ್ತದೆ. ಅಂಗಡಿಯವರು ಬೇಡವೆಂದರೂ ಅವರು ಕೇಳಿದವರಲ್ಲ.

ಬೇರೆ ದಾರಿ ಕಾಣದೆ ಅದನ್ನೇ ಬರೆದು ಕಳಿಸಿದೆ, ಮೂಲ ಲೇಖಕರ ಹೆಸರಿನಲ್ಲಿ. ಅದು ಮೋಸವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪುಸ್ತಕವಾಗಿ ಬಂದಾಗಲೂ ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ರಾಮನಗರದಲ್ಲಿ ಆ ಪುಸ್ತಕದ ಬಗ್ಗೆ ಒಂದು ಸಭೆ ನಡೆಯಿತು. ಮಾತಾಡಲು ಬಂದಿದ್ದ ಪ್ರಾಧ್ಯಾಪಕಿಯ ಕೈಯಲ್ಲಿ ಆ ಇಂಗ್ಲಿಷ್ ಪುಸ್ತಕದ ಹರಿಯದ ಪ್ರತಿಯಿತ್ತು. ಮುಂದಿನ ಸಾಲಿನಲ್ಲಿ ಅಪ್ಪ, ಇಸ್ತ್ರಿ ಮಾಡಿದ ಪಂಚೆ ಉಟ್ಟು ಕೂತಿದ್ದರು. ಇನ್ನು ಅವರ ಎದುರಿಗೇ ನನ್ನ ಮಾನ ಹೋಗುತ್ತದೆ ಅಂದುಕೊಂಡೆ.

ಆಕೆ ಕೊನೆಯ ಪುಟ ಓದಿ ಕನ್ನಡದಲ್ಲಿ ಹೇಳಿದರು. ಹೋದವರು ಯಂತ್ರಗಳನ್ನೆಲ್ಲ ನಿಲ್ಲಿಸಿ ಸುಮ್ಮನೆ ಕೂರುತ್ತಾರೆ. ಆ ವಸ್ತು ನಿಧಾನವಾಗಿ ನಿಂತು ಮಗ್ಗುಲಾಗುತ್ತದೆ. ಅಡಿಯಲ್ಲಿ ಹೆಬ್ಬೆರಳಿನಷ್ಟು ಕಪ್ಪು ಚುಕ್ಕೆ.

"ಚುಕ್ಕೆ ಯಾಕೆ ಅಂತ ಈ ಪುಸ್ತಕದಲ್ಲಿ ಹೇಳಿಲ್ಲ," ಎಂದರು ಆಕೆ. "ಕನ್ನಡದಲ್ಲಿ ದೃಷ್ಟಿಬೊಟ್ಟು ಅಂತ ಓದಿದ ಮೇಲೆಯೇ ನನಗೆ ಅರ್ಥವಾಗಿದ್ದು."

ನಾನು ಎದ್ದು ನಿಂತು ನಿಜ ಹೇಳಿಬಿಟ್ಟೆ. ಆ ಕೊನೆ ನಾನು ಓದಿದ್ದಲ್ಲ, ನಮ್ಮಪ್ಪ ಹೇಳಿದ್ದು ಅಂದೆ. ವಿನಯಕ್ಕೆ ಹೇಳುತ್ತಿದ್ದೇನೆ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಅಪ್ಪನ ಕಡೆ ಕೈ ತೋರಿಸಿ ನಿಂತಿದ್ದ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಬಸ್ಸಿನಲ್ಲಿ ಕೇಳಿದೆ, "ನಿಂಗೆಂಗಪ್ಪಾ ಗೊತ್ತಾಯ್ತು?"

"ಇದ್ರಲ್ಲಿ ಗೊತ್ತಾಗಾಕೆ ಏನೈತ್ಲಾ? ಮಗೀಗೆ ಅಂತ ಮಾಡಿದ್ಮ್ಯಾಕೆ ಬೊಟ್ಟು ಇಕ್ದೆ ಬುಟ್ಟಾರಾ?"

ಹಂಗೇರಿಯ ಆ ಲೇಖಕರಿಗೆ ಬೊಟ್ಟಿಡಲು ಯಾರು ಹೇಳಿಕೊಟ್ಟರೋ, ನಮ್ಮಪ್ಪನಿಗೆ ಹರಿದ ಪುಟ ಯಾರು ತೋರಿಸಿದರೋ, ನನಗೆ ಇವತ್ತಿಗೂ ತಿಳಿದಿಲ್ಲ. ಎರಡನೆಯ ಮುದ್ರಣದಲ್ಲಿ ಅನುವಾದಕರ ಹೆಸರು ಎರಡಿವೆ. ಮೊದಲನೆಯದು ಅಪ್ಪನದು.